ಆರು ಸೀಗಡಿಗಳ ತನಿಖೆ

ನಂಜನಗೂಡಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಮ್ಯಾನೇಜರು ಗಾಜಿನ ತೊಟ್ಟಿಯಲ್ಲಿ ಕಲ್ಲು ಜೋಡಿಸಿ ಉಪ್ಪುನೀರು ತುಂಬಿಸಿ, ಚೆನ್ನೈನಿಂದ ತರಿಸಿದ ಒಂದು ಹಳದಿ ಮೀನನ್ನೂ ಆರು ಕೆಂಪು ಸೀಗಡಿಗಳನ್ನೂ ಸಾಕಿದ್ದರು. ಶುಕ್ರವಾರ ಸಂಜೆ ಊರಿಗೆ ಹೊರಟಾಗ ಅವನ್ನೆಲ್ಲ ಗುಮಾಸ್ತ ನಿಂಗರಾಜುವಿಗೆ ಒಪ್ಪಿಸಿದರು. ನಿಂಗರಾಜು ಆರು ವರ್ಷದಿಂದ ಹಂಗಾಮಿ. ಅವನನ್ನು ಕಾಯಂ ಮಾಡುವ ಆರ್ಡರು ಟೈಪಾಗಿ ಮ್ಯಾನೇಜರ ಮೇಜಿನ ಮೇಲೇ ಇತ್ತು. ಸೋಮವಾರ ಬಂದು ಸಹಿ ಹಾಕುತ್ತೇನೆ ಎಂದಿದ್ದರು.

ಸೋಮವಾರ ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಒಂದೂ ಸೀಗಡಿಯಿಲ್ಲ. ಖಾಲಿ ಸಿಪ್ಪೆಗಳು ಮಾತ್ರ ತೇಲುತ್ತಿದ್ದವು. ನಿಂಗರಾಜು ಹೆಮ್ಮಿಗೆ ಊರಿನವನು, ಹೊಳೆ ಸೀಗಡಿ ಬಿಡಿಸಿ ತಿಂದು ಬೆಳೆದವನು. ಸಿಪ್ಪೆ ಇದೆ ಎಂದಮೇಲೆ ತಿಂದವರು ಇರಲೇಬೇಕು ಎಂದುಕೊಂಡ. ಹೋಗಿ ಕ್ಯಾಂಟೀನಿನ ಪುಟ್ಟಗೌರಮ್ಮನನ್ನು ಮೆಲ್ಲಗೆ ವಿಚಾರಿಸಿದ.

ಆಕೆ ಸೌಟು ಕೆಳಗಿಟ್ಟಳು. "ಸನಿವಾರ ತಿಮ್ಮಪ್ಪನ ವಾರ. ಬಾನುವಾರ ಆಪೀಸ್ಗೆ ಬೀಗ. ಇವತ್ತು ನಂಜುಂಡಪ್ಪನ ವಾರ. ಇದ್ರಲ್ಲಿ ತಿನ್ನೋ ದಿನ ಯಾವುದ್ಲಾ?"

ನಿಂಗರಾಜು ಅಲ್ಲಿಂದ ಹೊರಟ. ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದ. ಎಲ್ಲರೂ ದೇವರ ದಿನ ಮಾಂಸ ಮುಟ್ಟದೆ ವಾರ ಮಾಡುವವರೇ, ಹಾಗಾಗಿ ಎಲ್ಲರೂ ನಿರಪರಾಧಿಗಳು. ಕೊನೆಗೆ ವಾಚ್‌ಮನ್ ಗೋವಿಂದಯ್ಯ ತೊಟ್ಟಿಯ ಕಡೆ ಬೆರಳು ತೋರಿಸಿದ. "ಇಲ್ಲಿ ವಾರ ಮಾಡ್ದೆ ಇರೋದು ಆ ಮೀನೊಂದೇ ಕಣ್ಲಾ."

ನೋಡಿದರೆ ಮೀನಿನ ಹೊಟ್ಟೆಯೂ ಕೊಂಚ ಉಬ್ಬಿದಂತೆಯೇ ಕಂಡಿತು. ಆರೋಪಿಯನ್ನು ಬೇರೆಯಿಡಬೇಕೆಂದು ಅದನ್ನು ಬೋಂಡ ಎತ್ತುವ ಜಾಲರಿಯಲ್ಲಿ ಹಿಡಿದು ಬೋರ್‌ವೆಲ್ ನೀರಿನ ಬಕೆಟ್ಟಿಗೆ ಹಾಕಿದರು. ನಿಂಗರಾಜು ವರದಿ ಬರೆದ: "ಹಳದಿ ಮೀನು ಆರೂ ಸೀಗಡಿಗಳನ್ನು ತಿಂದಿರುವುದು ತನಿಖೆಯಿಂದ ಸಾಬೀತಾಗಿದೆ." ಪುಟ್ಟಗೌರಮ್ಮ, ಗೋವಿಂದಯ್ಯ ಸಾಕ್ಷಿಗಳೆಂದು ರುಜು ಹಾಕಿದರು.

ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮೀನು ಅಂಗಾತ ತೇಲುತ್ತಿತ್ತು. ಸಿಹಿನೀರು ಅದಕ್ಕೆ ಆಗುವುದಿಲ್ಲವೆಂದು ಆ ಆಫೀಸಿನಲ್ಲಿ ಯಾರಿಗೆ ಗೊತ್ತಿತ್ತು! ನಿಂಗರಾಜು ಓಡಿಹೋಗಿ ಗೋವಿಂದಯ್ಯನನ್ನು ಕರೆತಂದ. ಗೋವಿಂದಯ್ಯ ಸಮಾಧಾನವಾಗಿ, ಮೀನನ್ನು ವಾಪಸು ತೊಟ್ಟಿಗೇ ಹಾಕಿ, ಸೀಗಡಿ ತಿಂದು ಅರಗದೆ ಸತ್ತಿತೆಂದು ಬರೆಯಲು ಹೇಳಿದ. ನಿಂಗರಾಜು ಹಾಗೇ ಮಾಡಿದ. "ಸದರಿ ಮೀನು ಅಜೀರ್ಣದಿಂದ ಮೃತಪಟ್ಟಿರುತ್ತದೆ" ಎಂದು ವರದಿಗೆ ಇನ್ನೊಂದು ಸಾಲು ಸೇರಿತು.

ಮೂರು ಗಂಟೆಗೆ ಮ್ಯಾನೇಜರು ಬಂದರು. ವರದಿಯನ್ನು ನಿಂತೇ ಓದಿದರು. ತೇಲುತ್ತಿದ್ದ ಸಿಪ್ಪೆಯೊಂದನ್ನು ಎತ್ತಿ ನೋಡಿದರು.

"ಇದು ಪೊರೆ ಕಣ್ರೀ. ಹಾವಿನ ಹಾಗೆ ಇವೂ ಪೊರೆ ಬಿಡ್ತವೆ. ಮೈ ಗಟ್ಟಿಯಾಗೋವರೆಗೂ ಕಲ್ಲಿನ ಸಂದೀಲಿ ಅಡಗಿರ್ತವೆ."

ನಿಂಗರಾಜುವಿಗೆ ಹೋದ ಜೀವ ಬಂದಂತಾಯಿತು. ಸೀಗಡಿಗಳು ಬದುಕಿವೆ! ಓಡಿಹೋಗಿ ತೊಟ್ಟಿಯೊಳಗೆ ಬಗ್ಗಿ ನೋಡಿದ. ಆರೂ ಸೀಗಡಿಗಳು ಹೊಳೆಯುವ ಹೊಸ ಮೈ ಹೊತ್ತು ಹೊರಗೆ ಬಂದಿದ್ದವು. ಸತ್ತ ಮೀನಿನ ಸುತ್ತ ಸಾಲಾಗಿ ಕೂತು, ಅವಸರವಿಲ್ಲದೆ ಅದನ್ನು ಕಿತ್ತು ತಿನ್ನುತ್ತಿದ್ದವು.

ಮ್ಯಾನೇಜರು ವರದಿಯನ್ನು ಅವನ ಕೈಗೆ ಕೊಟ್ಟರು.

"ಯಾರು ಯಾರನ್ನ ತಿಂದದ್ದು ಅಂತ ಸಾಬೀತಾಗಿದೆ? ಒಂದ್ಸಲ ಗಟ್ಟಿಯಾಗಿ ಓದಿ."

ನಿಂಗರಾಜು ಓದಿದ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾಯಂ ಆರ್ಡರನ್ನು ಮಡಚಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ತನಿಖೆ ಮುಂದುವರೀಲಿ. ಅಲ್ಲಿವರೆಗೂ ನೀವು ಹಂಗಾಮಿನೇ."