ಅತ್ತೆಯ ಹಿಂದಿನ ಐದು ಚಂದ್ರರು

ಗಲಾಟೆಗೆಲ್ಲ ಮೂಲ ಅತ್ತೆಯವರ ಕಿವಿ. ಹೋದ ಸಲ ಅಳಿಯ ತೆಗೆದ ಫೋಟೋದಲ್ಲಿ ಅದೊಂದೇ ನಿಚ್ಚಳವಾಗಿ ಬಂದಿತ್ತು; ಮಿಕ್ಕ ಮುಖವೆಲ್ಲ ಹಬೆ ಹಿಡಿದ ಕನ್ನಡಿ. ಅಂದಿನಿಂದ ಬೀದಿಯಲ್ಲಿ ಅವನ ಹೆಸರು ಮಸುಕಪ್ಪ.

ಮಸುಕಪ್ಪನ ಕ್ಯಾಮೆರಾ ಹೊಸದು, ಲೆನ್ಸ್ ಮಾತ್ರ ಅಜ್ಜನ ಕಾಲದ್ದು. ಹಳೆಯ ಲೆನ್ಸ್ ಕಂಡರೆ ಅವನದು ಬೆಲ್ಲ ಕಂಡ ಇರುವೆಯ ಪಾಡು. ಆರು ಕೂಡಿಹಾಕಿದ್ದ. ಹೆಂಡತಿಯ ಕಣ್ಣು ಕೆಂಪಾದ ಮೇಲೆ, "ಐದು ಮಾರಿಬಿಟ್ಟೆ ಮಾರಾಯ್ತಿ, ಇದೊಂದಿರಲಿ" ಎಂದು ಕೈಮುಗಿದಿದ್ದ.

ಈಗ ಅತ್ತೆ ಹೆಡ್‌ಮಿಸ್ಟ್ರೆಸ್ ಕೆಲಸದಿಂದ ನಿವೃತ್ತರಾಗಿದ್ದರು. ಶಾಲೆಯ ಗೋಡೆಗೆ ಅವರ ದೊಡ್ಡ ಫೋಟೋ ಬೇಕು, ಸಂಜೆಯೊಳಗೆ ಕಳಿಸಬೇಕು.

"ನೋಡಿ, ಅಮ್ಮನ ಮುಖ ಸ್ಪಷ್ಟವಾಗಿ ಬಂದ್ರೆ ನಿಮ್ಮ ಲೆನ್ಸ್ ತಂಟೆಗೆ ನಾನು ಬರಲ್ಲ, ಆಣೆ" ಎಂದಳು ಹೆಂಡತಿ. "ಬರ್ಲಿಲ್ವೋ, ನಾಳೆ ಅದು ಗುಜರಿಗೆ."

ಅತ್ತೆ ಪುಸ್ತಕದ ಕಪಾಟಿನ ಮುಂದೆ ಕುರ್ಚಿ ಎಳೆದುಕೊಂಡರು. "ಹೆಡ್‌ಮಿಸ್ಟ್ರೆಸ್ ಅಂದ್ಮೇಲೆ ಕೈಯಲ್ಲಿ ದಪ್ಪ ಪುಸ್ತಕ ಬೇಡ್ವೇ?" ಎಂದು ಮೇಲಿನ ಸಾಲಿನಿಂದ ಎರಡು ನಿಘಂಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಸುಕಪ್ಪ ಆಗ ಬೆನ್ನು ತಿರುಗಿಸಿ, ಸ್ಟ್ಯಾಂಡಿನ ಮೂರನೆಯ ಕಾಲಿನೊಂದಿಗೆ ಕುಸ್ತಿಯಾಡುತ್ತಿದ್ದ.

ಗುಂಡಿ ಒತ್ತಿದರೆ ಕ್ಯಾಮೆರಾ ಜಪ್ಪಯ್ಯ ಅನ್ನಲಿಲ್ಲ. ‘ಲೆನ್ಸ್ ಇಲ್ಲ’ ಎಂದು ಅಕ್ಷರ ಮೂಡಿತು.

"ಅದರ ಮೂಗಿನ ಮೇಲೇ ಕೂತಿದೆಯಲ್ಲ ಅಳಿಯಂದ್ರೇ! ಇದಕ್ಕೂ ಕನ್ನಡಕ ಬೇಕೇನು?"

"ಹಳೇ ಲೆನ್ಸ್ ಅತ್ತೆ, ಅದರಲ್ಲಿ ಕರೆಂಟಿನ ತಂತಿ ಇಲ್ಲ. ಇದು ಗುರುತು ಹಿಡಿಯಲ್ಲ." ಲೆನ್ಸ್ ಇಲ್ಲದಿದ್ದರೂ ಕೆಲಸ ಮಾಡು ಎಂದು ಸೆಟ್ಟಿಂಗಿನಲ್ಲಿ ಅಪ್ಪಣೆ ಕೊಟ್ಟು ಕ್ಲಿಕ್ಕಿಸಿದ.

ಮುಖ ಮತ್ತೆ ಮಸುಕು. ಆದರೆ ಅತ್ತೆಯ ತಲೆಯ ಹಿಂದೆ ದುಂಡಗೆ ಬೆಳ್ಳಗೆ ಐದು ಬೆಳಕಿನ ಬಿಲ್ಲೆಗಳು!

"ಐದು ಚಂದ್ರ ಮೂಡಿದ ಹಾಗಿದೆಯಲ್ಲೇ!" ಅತ್ತೆ ಹಿಗ್ಗಿದರು.

"ಹಳೇ ಲೆನ್ಸಿನ ಮಹಿಮೆ ಅತ್ತೆ. ಹಿಂದಿರೋ ಹೊಳಪಿನ ಚುಕ್ಕಿಗಳು ಹೀಗೆ ಅರಳುತ್ತವೆ" ಎಂದ ಮಸುಕಪ್ಪ. ಚುಕ್ಕಿ ಯಾವುದು ಎಂದು ಕೇಳಿಕೊಳ್ಳಲು ಅವನಿಗೆ ಪುರಸೊತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಪೇಪರ್ ಕೇಳುವ ನೆಪದಲ್ಲಿ ಒಳಗೆ ಬಂದರು. ದಿನಕ್ಕೊಂದು ಮನೆಯ ಕೆಲಸಕ್ಕೆ ಕೈಹಾಕದಿದ್ದರೆ ಅವರಿಗೆ ಊಟ ಸೇರದು. ಲೆನ್ಸ್ ಬಿಚ್ಚಿಸಿ, ಟಾರ್ಚ್ ಬಿಟ್ಟು ಇಣುಕಿದರು.

"ಏನ್ರೀ ಇದು, ಇಷ್ಟು ಪಾಚಿ! ಒಮ್ಮೆಯಾದ್ರೂ ಉಜ್ಜಿದ್ದೀರಾ?" ಎಂದು ಗಾಜನ್ನು ಒರೆಸಿದರು. "ಮೇಲಾಗಿ ಬಾಯಿ ಪೂರ್ತಿ ತೆರೆದಿಟ್ಟಿದ್ದೀರಿ. ಮುಚ್ಚಿಸಿ, ಉಂಗುರದ ಅಂಕಿ ಹನ್ನೊಂದಕ್ಕೆ ತನ್ನಿ."

ಜೀವಮಾನವಿಡೀ ‘ಬಾಯಿ ತೆರೀರಿ’ ಎಂದವರು ‘ಮುಚ್ಚಿ’ ಎಂದದ್ದು ಇದೇ ಮೊದಲು. ಮಾತು ಮಾತ್ರ ಸರಿಯಿತ್ತು. ಲೆನ್ಸಿನ ಕಂಡಿ ಕಿರಿದಾದಷ್ಟೂ ಮುಂದಿರುವುದೂ ಹಿಂದಿರುವುದೂ ಒಟ್ಟಿಗೆ ನಿಚ್ಚಳವಾಗುತ್ತದೆ. ಬೆಳಕು ಸಾಲದೆ ಕ್ಯಾಮೆರಾ ನಿಧಾನವಾಗುವುದರಿಂದ ಅತ್ತೆ ಮಾತ್ರ ಅಲುಗಾಡಬಾರದು, ಮಾತಾಡಲೂಬಾರದು.

ಅಲ್ಲೇ ಕಷ್ಟವಿದ್ದದ್ದು. ಹೆಂಡತಿ ಕಿಟಕಿಯ ಕರ್ಟನ್ ಎತ್ತಿ ಹಿಡಿದಳು. ಮಸುಕಪ್ಪ ಅತ್ತೆಯ ಕಣ್ಣೊಂದನ್ನೇ ಕ್ಯಾಮೆರಾದ ಪರದೆ ತುಂಬ ಹಿಗ್ಗಿಸಿ, ರೆಪ್ಪೆ ರೆಪ್ಪೆಯೂ ಬಿಡಿಯಾಗಿ ಕಾಣುವವರೆಗೆ ಲೆನ್ಸಿನ ಉಂಗುರ ತಿರುಗಿಸಿದ. ಡಾಕ್ಟರು ಅತ್ತೆಯ ಗದ್ದ ಹಿಡಿದು ನೇರ ಮಾಡಿ, "ನೋವಾಗಲ್ಲ, ಉಸಿರು ಹಿಡ್ಕೊಳ್ಳಿ" ಎಂದು ಪಕ್ಕಕ್ಕೆ ಹಾರಿದರು.

ಕ್ಲಿಕ್.

ಮಸುಕಪ್ಪ ಫೋಟೋವನ್ನು ಟೀವಿಗೆ ಹಾಕಿದ.

"ಅಮ್ಮನ ರೆಪ್ಪೆ ಎಣಿಸಬಹುದಲ್ರೀ!" ಎಂದಳು ಹೆಂಡತಿ. "ಸರಿ, ಗೆದ್ರಿ."

ಮಸುಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಅಲ್ಲಾ, ನನ್ನ ಚಂದ್ರರು ಎಲ್ಲಿ ಹೋದ್ರು?" ಎಂದರು ಅತ್ತೆ. "ಅಲ್ಲೇನೋ ಡಬ್ಬಿ ಇಟ್ಟ ಹಾಗಿದೆ."

ಹೆಂಡತಿ ಆ ಜಾಗವನ್ನು ಹಿಗ್ಗಿಸಿದಳು. ನಿಘಂಟು ತೆಗೆದ ಸಂದಿಯಲ್ಲಿ ಐದು ಲೆನ್ಸುಗಳು ಸಾಲಾಗಿ ಕೂತು, ಗಾಜಿನ ಕಣ್ಣರಳಿಸಿ ಮನೆಯವರನ್ನೇ ನೋಡುತ್ತಿದ್ದವು. ಉಂಗುರದ ಮೇಲಿನ ಅಂಕಿಗಳನ್ನೂ ಓದಬಹುದಿತ್ತು.

"ಮಾರಿಬಿಟ್ಟೆ ಅಂದಿದ್ರಿ?"

"ಅದು... ಕೊಂಡವರು ಇನ್ನೂ..."

ಡಾಕ್ಟರಿಗೆ ಥಟ್ಟನೆ ಯಾವುದೋ ರೋಗಿಯ ನೆನಪಾಯಿತು.

"ಆಣೆ ಇಟ್ಟಿದ್ದೀಯ ಮಗಳೇ, ಲೆನ್ಸ್ ಮುಟ್ಟಬೇಡ" ಎಂದರು ಅತ್ತೆ.

"ಖಂಡಿತ ಮುಟ್ಟಲ್ಲಮ್ಮ. ರೀ, ಅದನ್ನ ನೀವೇ ಬಿಚ್ಚಿಕೊಳ್ಳಿ." ಬಿಚ್ಚಿಕೊಂಡ. ಉಳಿದ ಕ್ಯಾಮೆರಾವನ್ನು ಅವಳು ತಾಯಿಯ ತೊಡೆಯ ಮೇಲಿಟ್ಟಳು. "ರಿಟೈರ್ ಆದ್ಮೇಲೆ ಹೊತ್ತೇ ಹೋಗಲ್ಲ ಅಂತಿದ್ದೆಯಲ್ಲ, ತಗೋ."

ಅತ್ತೆ ಶಾಲೆಗೆ ಕಳಿಸಿದ್ದು ಐದು ಚಂದ್ರರ ಮಸುಕು ಫೋಟೋವನ್ನೇ. ಇನ್ನೊಂದರಲ್ಲಿ ಸುಕ್ಕು ಜಾಸ್ತಿಯಂತೆ.

ಸಂಜೆ ಡಾಕ್ಟರು ಕಿಟಕಿಯಿಂದ ಇಣುಕಿ ಪಿಸುಗುಟ್ಟಿದರು: "ಏನಾಯ್ತು? ಲೆನ್ಸ್ ಉಳೀತಾ?"

"ಆರೂ ಉಳಿದ್ವು ಡಾಕ್ಟ್ರೇ" ಎಂದ ಮಸುಕಪ್ಪ. "ಕ್ಯಾಮೆರಾ ಇಲ್ಲ."