ಜುಟ್ಟಿನ ಡೈನೊಸಾರ್‌ಗಳ ಮನೆತನ

ನೆಂಟಸ್ತನವನ್ನು ಗುರುತಿಸುವ ಶಕ್ತಿಯೇ ಮನುಷ್ಯನನ್ನು ಪ್ರಾಣಿಗಳಿಂದ ಬೇರೆ ಮಾಡಿ ನಿಲ್ಲಿಸಿರುವುದು. ನನ್ನ ಸೋದರಮಾವ ಆ ಶಕ್ತಿಯನ್ನೆಲ್ಲ ಪ್ರಾಣಿಗಳ ಮೇಲೆಯೇ ಖರ್ಚು ಮಾಡಿದರು; ಅವಾದರೂ ಏಳು ಕೋಟಿ ವರ್ಷಗಳ ಹಿಂದೆಯೇ ತೀರಿಕೊಂಡಂಥವು!

ಬಳ್ಳಾರಿಯಲ್ಲಿರುವ ಈ ಮಾವನನ್ನು ಕೇಳದೆ ಸಿರುಗುಪ್ಪದ ಕಡೆಯ ನಮ್ಮ ಬಳಗದಲ್ಲಿ ಯಾರೂ ಸಂಬಂಧ ಬೆಳೆಸುವುದಿಲ್ಲ. ಗಂಡು-ಹೆಣ್ಣಿನ ಬೆಡಗು, ಅಂದರೆ ಮೂಲ ಮನೆತನ, ಒಂದೇ ಆದರೆ ಅವರು ಅಣ್ಣ-ತಂಗಿ ಇದ್ದಂತೆ, ಮದುವೆ ಕೂಡದು. ಯಾರ ಬೆಡಗು ಯಾವುದೆಂಬುದು ಮಾವನಿಗೆ ಬಾಯಿಪಾಠ. ಇಂಥವರಿಗೆ ರದ್ದಿ ಅಂಗಡಿಯಲ್ಲಿ ಒಂದು ಡೈನೊಸಾರ್ ಪುಸ್ತಕ ಸಿಕ್ಕಿತು. ಅದರಲ್ಲಿ ಬಾತುಕೋಳಿಯ ಮೂತಿ, ತಲೆಯ ಮೇಲೆ ಮೂಳೆಯ ಜುಟ್ಟು ಹೊತ್ತ ದೊಡ್ಡ ಬಳಗವೇ ಇತ್ತು. ಅಷ್ಟು ದೊಡ್ಡ ಬಳಗಕ್ಕೆ ಬೆಡಗು ಹೇಳುವವರಿಲ್ಲವೆಂದರೆ ಮಾವ ಸುಮ್ಮನಿರುತ್ತಾರೆಯೇ?

ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಒಂದೊಂದೇ ಪ್ರಾಣಿಯ ಚಿತ್ರ ಬರೆದು ವಿಂಗಡಿಸತೊಡಗಿದರು. ಜುಟ್ಟು ಪೊಳ್ಳಾಗಿದ್ದು ಮೂಗಿನ ಗಾಳಿ ಅದರೊಳಗೆ ಸುತ್ತಿ ಬರುವಂಥವು ಒಂದು ಬೆಡಗು. ಗಟ್ಟಿ ಜುಟ್ಟಿನವು ಇನ್ನೊಂದು. ಜುಟ್ಟಿಗೆ ಮಾವ ಕೊಟ್ಟ ಹೆಸರು ರುಮಾಲು.

ಒಮ್ಮೆ ದೇಶನೂರಿನಿಂದ ಹೆಣ್ಣಿನ ತಂದೆಯೊಬ್ಬರು ಬೆಡಗು ಕೇಳಲು ಬಂದರು. ಮಾವ ಎರಡು ಕಾರ್ಡು ಹಿಡಿದು, ತಲೆ ಎತ್ತದೆ ತೀರ್ಪು ಕೊಟ್ಟರು: “ಇಬ್ಬರೂ ಪೊಳ್ಳು ರುಮಾಲಿನವ್ರು. ಆಗಂಗಿಲ್ಲ.”

ಬಂದವರು ಗಾಬರಿಯಿಂದ ತಮ್ಮ ತಲೆ ಮುಟ್ಟಿ ನೋಡಿಕೊಂಡರು.

“ನಿಮಗಲ್ಲರೀ, ಇವಕ್ಕ!” ಎಂದು ಅತ್ತೆ ಕಾರ್ಡು ತೋರಿಸಿ, ಚಹಾ ಕೊಟ್ಟು ಸಮಾಧಾನ ಮಾಡಿದರು.

ಒಂದು ಪ್ರಾಣಿ ಮಾತ್ರ ಯಾವ ಕಟ್ಟಿಗೂ ಸೇರಲಿಲ್ಲ. ಗಾತ್ರ ಸಣ್ಣದು, ಜುಟ್ಟು ಇದೆಯೋ ಇಲ್ಲವೋ ಎಂಬಷ್ಟು. ಮಾವ ಅದರ ಮೇಲೆ ‘ಬೇರೆ ಬೆಡಗು’ ಎಂದು ಬರೆದು ಬೇರೆಯೇ ಇಟ್ಟರು. “ಇದು ನಮ್ಮ ಪೈಕಿ ಅಲ್ಲ ಬಿಡಲೇ. ಕುರುಗೋಡದವ್ರು ಇದ್ದಂಗ.”

ಕುರುಗೋಡಿನವರು ಎಂದರೆ ಯಾರು? ಮಾವನ ಒಡಹುಟ್ಟಿದ ತಮ್ಮ, ನನ್ನ ಸಣ್ಣ ಮಾವ! ಎಂಟು ವರ್ಷದ ಹಿಂದೆ ಮಾವನ ಮಗನ ಮದುವೆಯಲ್ಲಿ ಹಿರಿಯರಿಗೆಲ್ಲ ರುಮಾಲು ಸುತ್ತಿ ಮರ್ಯಾದೆ ಮಾಡುವಾಗ, ಸಣ್ಣ ಮಾವನ ಸರದಿಗೆ ರುಮಾಲು ಮುಗಿದಿದ್ದವು. ಟವಲ್ ಹೊದಿಸಿದರು. ಅವರು ಟವಲನ್ನು ಕುರ್ಚಿಯ ಮೇಲಿಟ್ಟು, ಉಣ್ಣದೆ ಹೋದರು. ಅಂದಿನಿಂದ ಮಾತಿಲ್ಲ. ಊರಿಗೆಲ್ಲ ಬೆಡಗು ಕೂಡಿಸುವ ಮಾವ, ತಮ್ಮನನ್ನು ಬೇರೆಯೇ ಪ್ರಭೇದಕ್ಕೆ ಸೇರಿಸಿಬಿಟ್ಟರು.

ಕಳೆದ ತಿಂಗಳು ಫೋನಿನಲ್ಲಿ ಓದಿದ್ದನ್ನು ನಾನು ಮಾವನಿಗೆ ಹೇಳಿದೆ: ಪಂಡಿತರೂ ಇದೇ ತಪ್ಪು ಮಾಡಿದ್ದರು. ಪುಟ್ಟ ಜುಟ್ಟಿನವನ್ನು ಬೇರೆ ಪ್ರಭೇದವೆಂದು ಹೆಸರಿಟ್ಟು ಬಹಳ ಕಾಲ ಕೂತಿದ್ದರು. ಆಮೇಲೆ ತಿಳಿಯಿತು, ಅವು ದೊಡ್ಡ ಜುಟ್ಟಿನವುಗಳದೇ ಎಳೆಯ ಮರಿಗಳು. ಜುಟ್ಟು ವಯಸ್ಸಾದಂತೆ ಬೆಳೆಯುವಂಥದು.

“ಅಂದ್ರ ಒಂದ ಮನಿವು?”

“ಒಂದ ಮನಿವು, ಮಾವ.”

“ತಲಿ ಮ್ಯಾಲಿಂದು ನೋಡಿ ಬ್ಯಾರೆ ಅಂದ್ವಲ್ಲಲೇ!”

ಮಾವ ಗಂಭೀರವಾಗಿ ಆ ಕಾರ್ಡು ತೆಗೆದು, ‘ಬೇರೆ ಬೆಡಗು’ ಎಂಬುದನ್ನು ಹೊಡೆದುಹಾಕಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಅಂದರು: “ಹಂಗ ಅದನ್ನ ತಿರುವಿ ನೋಡ್ರಿ.”

ಕುರುಗೋಡಿನಿಂದ ಬಂದದ್ದನ್ನು ಮಾವ ಕೈಯಿಂದಲೂ ಮುಟ್ಟುವುದಿಲ್ಲವೆಂದು ಗೊತ್ತಿದ್ದ ಅತ್ತೆ, ಅದನ್ನು ಬೋರಲು ಮಾಡಿ ಖಾಲಿ ಕಾರ್ಡುಗಳಲ್ಲಿ ಸೇರಿಸಿದ್ದರು! ಮಾವ ಕಾರ್ಡು ತಿರುವಿದರು: ಸಣ್ಣ ಮಾವನ ಮಗಳ ಲಗ್ನಪತ್ರಿಕೆ. ಬರುವ ಭಾನುವಾರವೇ ಮದುವೆ. ಕೆಳಗೆ ಸ್ವಾಗತ ಕೋರುವ ಹಿರಿಯರ ಪಟ್ಟಿಯಲ್ಲಿ ಮೊದಲನೆಯದು ಮಾವನ ಹೆಸರು.

ಮಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಓದಿದರು. ಮತ್ತೆ ತೆಗೆದರು.

“ರುಮಾಲು ಎಷ್ಟು ಮೊಳದ್ದು ತರಬೇಕಲೇ?” ಎಂದು ನನ್ನನ್ನು ಕೇಳಿದರು. ಊರಿಗೆಲ್ಲ ರೀತಿ-ರಿವಾಜು ಹೇಳುವವರು!

ಭಾನುವಾರ ಕುರುಗೋಡಿನಲ್ಲಿ, ತಮ್ಮನ ತಲೆಗೆ ಮಾವ ತಾವೇ ರುಮಾಲು ಸುತ್ತಿದರು. ಅದು ಒಂದು ಕಡೆ ವಾಲಿತ್ತು. ಸಣ್ಣ ಮಾವ ಅದನ್ನು ಸರಿಮಾಡಿಕೊಳ್ಳಲಿಲ್ಲ. ಆಮೇಲೆ ಇಬ್ಬರೂ ಅಕ್ಕಪಕ್ಕ ಕೂತು ಊಟ ಮಾಡಿದರು.