ಐದನೆಯ ಓಂ ನಮಃ ಶಿವಾಯಕ್ಕೆ ಹೊರಡುವ ಗಾಡಿ

ಹೆದರುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಹಲ್ಲಿಗೆ ಹೆದರುತ್ತೇನೆ, ಶಾಲೆ ತಪಾಸಣೆಗೆ ಬರುವ ಸಾಹೇಬರಿಗೆ ಹೆದರುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮಾವನವರಿಗೆ ಹೆದರುತ್ತೇನೆ. ಆಳಂದದಲ್ಲಿ ನನಗೆ ಮಾಸ್ತರಿಕೆ ಸಿಕ್ಕಾಗ, “ಬಾಡಿಗಿ ಮನಿ ಯಾಕ್ರಿ, ನಮ್ಮ ಮನಿ ಇಲ್ಲೇನು?” ಎಂದು ಅವರು ಕೇಳಿದರು. ಒಲ್ಲೆ ಎನ್ನಲು ಹೆದರಿ ಮನೆ ಅಳಿಯನಾದೆ. ಅವರು ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವರು, ಪಾನ್ ತಿನ್ನುವವರ ಮುಖ ಕಂಡರಾಗದವರು. ನಾನೋ ತಂಬಾಕಿನ ಪಾನ್ ಇಲ್ಲದೆ ಬೆಳಗನ್ನೇ ಕಾಣದವನು. ಅವರು ಪೂಜೆಗೆ ಕೂತ ಹೊತ್ತಿನಲ್ಲಿ ಕಾರು ನಿಲ್ಲಿಸುವ ಶೆಡ್ಡಿಗೆ ಹೋಗಿ, ಕಾರಿನ ಮರೆಯಲ್ಲಿ ಕಳ್ಳನ ಹಾಗೆ ಕೂತು ಜಗಿದು, ಹಿಂದಿನ ಗಟಾರಕ್ಕೆ ಉಗುಳಿ ಬರುತ್ತಿದ್ದೆ. ಎದ್ದಾಗ ಕಾರಿನ ಕೆಳಗೆ ಕೆಂಪು ಹನಿಗಳು ಕಾಣುತ್ತಿದ್ದವು. ಗುರಿ ತಪ್ಪಿತೆಂದು ನನ್ನನ್ನೇ ಬೈದುಕೊಂಡು, ಬೂದಿ ಉದುರಿಸಿ ಅರಿವೆಯಿಂದ ಒರೆಸಿಬಿಡುತ್ತಿದ್ದೆ. ಈ ಸೇವೆ ಒಂದು ದಿನವೂ ತಪ್ಪಿರಲಿಲ್ಲ.

ಎಂಬತ್ತರ ಸುಮಾರಿನ ಮಾತಿದು. ಆ ಕಾರು, ಮಾವನವರು ಹೈದರಾಬಾದಿನ ಹಳೆಯ ಜಾಗೀರದಾರರೊಬ್ಬರಿಂದ ಕೊಂಡು ತಂದ ವಿಲಾಯತಿ ಮಾಲು. ಅದಕ್ಕೆ ಕ್ಲಚ್ಚೇ ಇಲ್ಲ. ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ‘ಡಿ’ ಎಂಬ ಅಕ್ಷರಕ್ಕೆ ಎಳೆದರೆ ಗೇರು ತಾನೇ ಬೀಳುತ್ತದೆ, ಎಡಗಾಲಿಗೆ ಪೂರಾ ರಜೆ. ಕಡ್ಡಿ ಎಳೆದು ಒಮ್ಮೆ ‘ಓಂ ನಮಃ ಶಿವಾಯ’ ಎನ್ನುವುದು ಮಾವನವರ ರೂಢಿ, ಅಷ್ಟರಲ್ಲಿ ಗಾಡಿ ಹೊರಡುತ್ತಿತ್ತು. ಬರಬರುತ್ತ ಎರಡು ಸಲ ಅನ್ನಬೇಕಾಯಿತು, ಆಮೇಲೆ ಮೂರು. ಕಡೆಗೆ ಐದಕ್ಕೆ ಬಂತು. ಅಲ್ಲಿಯವರೆಗೆ ಸುಮ್ಮನೆ ಗುರುಗುಟ್ಟುತ್ತಿದ್ದು, ಆಮೇಲೆ ಧಡ್ ಎಂದು ಜಿಗಿಯುತ್ತಿತ್ತು. “ಮಾವಾರ, ಯಾರಿಗಾದ್ರೂ ತೋರಸೋಣೇನ್ರಿ?” ಎಂದೆ, ಧೈರ್ಯ ಮಾಡಿ. “ಶಿವನ ಹೆಸರು ನಾಕ್ ಸಲ ಜಾಸ್ತಿ ಆದ್ರ ಲುಕ್ಸಾನ ಏನದ್ರಿ?” ಎಂದರು.

ಆದರೆ ಲುಕ್ಸಾನ ಇತ್ತು. ನನ್ನ ಹೆಂಡತಿ ಶಾಂತಾಗೆ ಒಂಬತ್ತು ತಿಂಗಳು ತುಂಬಿತ್ತು. ಕೂಸು ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ಕಲಬುರ್ಗಿಗೆ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಕರೆದೊಯ್ಯಲು ಇದ್ದದ್ದು ಇದೊಂದೇ ಗಾಡಿ.

ಅದೇ ವಾರ ಮಾವನವರ ಜೊತೆ ಗಡಿಯ ಹತ್ತಿರದ ಖಜೂರಿ ಊರಿಗೆ ಹೋಗಿದ್ದೆ. ತಿರುಗಿ ಬರಲೆಂದು ಅವರು ರಸ್ತೆಗೆ ಅಡ್ಡವಾಗಿ ಕಾರು ಹಿಂದೆ ತೆಗೆದು, ಕಡ್ಡಿಯನ್ನು ‘ಡಿ’ಗೆ ಎಳೆದರು. ಮಹಾರಾಷ್ಟ್ರದ ಕಡೆಯಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬಂತು. ಒಂದು ಓಂ ನಮಃ ಶಿವಾಯ, ಎರಡು, ಮೂರು. ನಾಲ್ಕನೆಯದಕ್ಕೆ ಲಾರಿಯ ಹಣೆಯ ಮೇಲಿನ ನಿಂಬೆಹಣ್ಣು ಮೆಣಸಿನಕಾಯಿ ಎಣಿಸುವಷ್ಟು ಹತ್ತಿರವಾಗಿದ್ದವು. ಐದನೆಯದನ್ನು ನಾನೇ ಕಿರುಚಿದೆ. ಕಾರು ಜಿಗಿಯಿತು, ಲಾರಿ ಹಿಂದಿನ ಬಂಪರನ್ನು ಸವರಿಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿ ಶಾಂತಾ ಇದ್ದಿದ್ದರೆ ಎಂದು ನೆನೆದು ಖಾಲಿ ಸೀಟನ್ನು ತಿರುಗಿ ನೋಡಿದೆ. ಮಾವನವರು ಬೆವರು ಒರೆಸಿಕೊಂಡು, ಕಾರನ್ನು ಅಲ್ಲೇ ಇದ್ದ ಲಾರಿ ರಿಪೇರಿ ಮೇಸ್ತ್ರಿ ಲಾಲಸಾಬನ ಮುಂದೆ ನಿಲ್ಲಿಸಿದರು.

“ಗೇರಿನ ಎಣ್ಣಿ ಪೂರಾ ತುಂಬೇದ, ಮನ್ಯಾಗ ನೋಡೇನಿ,” ಎಂದು ಮಾವನವರು ಇಂಜಿನ್ ಆರಿಸಲು ಹೋದರು. ನಿಂತ ಗಾಡಿ ಪೆಟ್ರೋಲ್ ಕುಡಿಯಬಾರದೆಂಬುದು ಅವರ ಕಾಯಿದೆ. ಲಾಲಸಾಬ ತಡೆದ. “ಆರಸಬ್ಯಾಡ್ರಿ ಗೌಡ್ರ. ಈ ಜಾತಿ ಗಾಡಿ ಎಣ್ಣಿ ಇಂಜಿನ್ ಚಾಲೂ ಇದ್ದಾಗ್ಲೇ ನೋಡಬೇಕು. ಆರಿಸಿದ್ರ ಎಣ್ಣೆಲ್ಲಾ ತಳಕ್ಕ ಇಳದು ತುಂಬಿದಂಗ ಕಾಣ್ತದ.” ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ತೋರಿಸಿದ. ಒಣಗಿತ್ತು. “ಈ ಎಣ್ಣಿ ಕೆಂಪಗಿರ್ತದ. ನಿಮ್ಮ ಶೆಡ್ಡಿನ್ಯಾಗ ಕೆಂಪ ಹನಿ ಬೀಳ್ತಾವೇನ್ರಿ?”

“ಒಂದೂ ಇಲ್ಲ,” ಎಂದರು ಮಾವನವರು ಹೆಮ್ಮೆಯಿಂದ. “ನಮ್ಮ ಶೆಡ್ಡು ಕನ್ನಡಿಯಂಗ ಇರ್ತದ.”

ಲಾಲಸಾಬ ತಲೆ ಕೆರೆದುಕೊಂಡ. “ಹೊರಗ ಸೋರಿಲ್ಲಂದ್ರ ಒಳಗೇ ಎಲ್ಲೋ ಹೋಗ್ಯದ. ಗೇರಡಬ್ಬಿ ಇಳಿಸಿ ಬಿಚ್ಚಬೇಕು. ಸಾಮಾನು ಬಂಬೈದಿಂದ ಬರಬೇಕು. ಒಂದ್ ತಿಂಗಳು ಹಿಡೀತದ.”

ಶಾಂತಾಗೆ ಉಳಿದದ್ದು ಹತ್ತು ದಿನ. ಹೇಳಿದರೆ ಮಾವನವರ ಭಯ, ಹೇಳದಿದ್ದರೆ ಹೆಂಡತಿ ಕೂಸಿನ ಭಯ. ಬಾಯಿ ತೆರೆದೆ. ಮನಸ್ಸಿನಲ್ಲಿ ಐದು ಓಂ ನಮಃ ಶಿವಾಯ ಮುಗಿದ ಮೇಲೆ ಧಡ್ ಎಂದು ಹೊರಬಿತ್ತು: “ಹನಿ ಬೀಳ್ತಿದ್ವು ಮಾವಾರ. ದಿನಾ ನಾನೇ ಒರಸ್ತಿದ್ದೆ.”

“ಯಾಕ್ರಿ?”

“ನಂದು ಅಂತ ತಿಳಿದಿದ್ನಿರಿ.”

ಮಾವನವರು ನನ್ನ ತುಟಿ ನೋಡಿದರು, ಹಲ್ಲು ನೋಡಿದರು. ಲಾಲಸಾಬ ನಗು ತಡೆಯಲಾರದೆ ಕಾರಿನ ಕೆಳಗೆ ನುಸುಳಿದ. “ಮಾಸ್ತರ್ರು ಖರೇ ಹೇಳ್ಯಾರ್ರಿ. ಗೇರಡಬ್ಬಿ ತಳದ ಪ್ಯಾಕಿಂಗ್ ಹರದದ, ನಾಳಿಗೆ ತಯಾರ್ ಮಾಡ್ತೇನಿ,” ಎಂಬ ದನಿ ಅಲ್ಲಿಂದಲೇ ಬಂತು. ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಆಳಂದಕ್ಕೆ ಬಂದೆವು. ಇಳಿಯುವಾಗ ಮಾವನವರು, “ಹೇಳಿದ್ದು ಚಲೋ ಆತು,” ಎಂದರು.

ಹತ್ತು ದಿನಕ್ಕೆ ನೋವು ಬಂತು, ಗಾಡಿ ಒಂದೇ ಓಂ ನಮಃ ಶಿವಾಯಕ್ಕೆ ಹೊರಟಿತು. ಕಲಬುರ್ಗಿಯಲ್ಲಿ ಮಗಳು ಹುಟ್ಟಿದಳು. ಅಂದಿನಿಂದ ಮಾವನವರು ಪೂಜೆಗೆ ಮೊದಲು ಶೆಡ್ಡಿಗೆ ಬಂದು ಬಗ್ಗಿ ನೋಡುತ್ತಾರೆ. ಲಾಲಸಾಬನ ಕೆಲಸ ಗಟ್ಟಿ, ಗಾಡಿ ಆಮೇಲೆ ಒಮ್ಮೆಯೂ ಸೋರಿಲ್ಲ. ಕೆಂಪು ಹನಿ ಮಾತ್ರ ಈಗಲೂ ವಾರಕ್ಕೊಮ್ಮೆ ಕಾಣುತ್ತದೆ.